ದೊಡ್ಡಪ್ಪನ ಗ್ಯಾರೇಜು, ನಿಂಗಮ್ಮನ ಗೋಡೆ

ನಿನ್ನೆ ಹರಿಹರದಲ್ಲಿ ಗೆಳೆಯ ತನ್ನ ಹೊಸ ಗ್ಯಾರೇಜು ತೋರಿಸಿದ. ಹಸಿ ಬಣ್ಣ, ಗ್ರೀಸು ಬೆರೆತ ವಾಸನೆಗೆ ಮಂಡಿಪೇಟೆಯ ನಮ್ಮ ಮನೆ ನೆನಪಾಯಿತು.

ದೊಡ್ಡಪ್ಪ ಅಂಬಾಸಿಡರ್ ಕೊಂಡಾಗ ಎಮ್ಮೆ ಮಾರಿ, ಕೊಟ್ಟಿಗೆಯನ್ನೇ ಗ್ಯಾರೇಜು ಮಾಡಿಸಿದರು. ನೆಲಕ್ಕೆ ಶಹಾಬಾದ್ ಕಲ್ಲು, ಮೇಲೆ ಟ್ಯೂಬ್‌ಲೈಟು, ಸ್ಪ್ಯಾನರ್, ಆಯಿಲ್ ಡಬ್ಬಿಗಳಿಗೆಂದು ಎರಡೂ ಬದಿ ಕಡಪಾ ಕಲ್ಲಿನ ಶೆಲ್ಫು. ಪೂಜೆ ಮುಗಿಸಿ ಕಾರು ಒಳಗೆ ತಂದರೆ ಅದರ ಬಾಗಿಲು ತೆರೆಯಲು ಜಾಗವೇ ಇಲ್ಲ. ದೊಡ್ಡಪ್ಪ ಒಳಗೇ ಸಿಕ್ಕಿಕೊಂಡು ಹಾರ್ನ್ ಹೊಡೆದರು. ನಾವು ಮಕ್ಕಳು ಬಿದ್ದುಬಿದ್ದು ನಕ್ಕೆವು.

ಆದರೆ ಅವರು ಶೆಲ್ಫು ತೆಗೆಸಲಿಲ್ಲ. ಗ್ಯಾರೇಜಿಗೆ ಅಂಟಿಕೊಂಡಿದ್ದ ಪಕ್ಕದ ಕೋಣೆಯಲ್ಲಿ ನಮ್ಮ ಮನೆಗೆಲಸದ ನಿಂಗಮ್ಮ ಇದ್ದಳು. ನಾನು ಹುಟ್ಟುವ ಮೊದಲಿನಿಂದಲೂ ಅವಳು ಅಲ್ಲೇ ಇದ್ದವಳು.

“ನಿಂಗಮ್ಮ, ನಿನ್ ಗೋಡಿ ಒಡೀಬೇಕು. ಕಾರಿಗೆ ಜಾಗ ಸಾಲ್ತಿಲ್ಲ,” ಎಂದರು ದೊಡ್ಡಪ್ಪ.

“ಒಡೀರಿ ಸಾವ್ಕಾರ್ರೆ. ಎಮ್ಮಿ ಇದ್ದಾಗ ನನಗೂ ಜಾಗ ಇತ್ತು. ನಿಮ್ ಕಾರು ಎಮ್ಮಿಗಿಂತ ದಪ್ಪ ಐತೆ.”

ಈ ಸಲ ಯಾರೂ ನಗಲಿಲ್ಲ. ಸಂಜೆ ಅವಳು ಬಟ್ಟೆಗಂಟು ಹಿಡಿದು ನಂದಿಗುಡಿಯ ತಂಗಿಯ ಮನೆಗೆ ಬಸ್ ಹತ್ತಿದಳು. ದುಡಿದವರಿಗೆ ಸೂರು ಹಕ್ಕು ಎಂದು ಮುಂದೆ ಕರಪತ್ರಗಳಲ್ಲಿ ಓದಿದೆ. ನಮ್ಮ ಮನೆಯಲ್ಲಿ ಆ ಹಕ್ಕು ಕಾರಿಗೆ ಸಿಕ್ಕಿತ್ತು.

“ಮೊದ್ಲು ಇಲ್ಲಿ ಯಾರಿದ್ರು?” ಎಂದು ನಿನ್ನೆ ಆ ಹೊಸ ಗ್ಯಾರೇಜಿನಲ್ಲಿ ನಿಂತು ಗೆಳೆಯನನ್ನು ಕೇಳಿದೆ.

“ಯಾರೂ ಇರ್ಲಿಲ್ಲಪ್ಪ, ಖಾಲಿ ಬಿದ್ದಿತ್ತು.”

ನಮ್ಮ ಮನೆಯವರೂ ಈಗ ಹಾಗೆಯೇ ಹೇಳುತ್ತಾರೆ.