ಡಬಲ್ ಡೆಕ್ಕರ್ ಬಸ್ಸಿನ ಮೇಲೆ ಸಂಕಷ್ಟಿ ಚಂದ್ರ

ಮೊನ್ನೆ ಸಂಕಷ್ಟಿ. ಕೋಳಿ ಕೂಗುವ ಮೊದಲೇ ಎದ್ದು, ಕೊಟ್ಟಿಗೆ ಬಾಚಿ, ಹಾಲು ಕರೆದು, ಬಾಗಿಲಿಗೆ ನೀರು ಹಾಕಿ ರಂಗೋಲೆ ಬಿಟ್ಟು, ಮಂಡ್ಯದಲ್ಲಿ ಬೆಂಗಳೂರು ರೈಲು ಹತ್ತಿದೆ. ತೊಟ್ಟು ನೀರೂ ಕುಡಿದಿರಲಿಲ್ಲ.

ಬೆಂಗಳೂರಿನಲ್ಲಿರುವ ಮಗಳು ಸರೋಜ ಮದುವೆಯಾದ ಆರು ವರ್ಷಕ್ಕೆ ಈಗ ಐದು ತಿಂಗಳ ಬಸುರಿ. ನಮ್ಮ ಕೊತ್ತತ್ತಿಯ ಭಜನೆಯವರಾದ ನಿಮಗೆಲ್ಲ ಗೊತ್ತೇ ಇದೆ, ಅವಳಿಗೋಸ್ಕರ ಹಿಡಿದ ವ್ರತ ಇದು.

ಗಣಪತಿ ಗುಡಿ ಅಯ್ನೋರು ಖಡಾಖಂಡಿತವಾಗಿ ಹೇಳಿದ್ದರು. ವರ್ಷ ಪೂರ್ತಿ ಸಂಕಷ್ಟಿ ಉಪವಾಸ. ಚಂದ್ರನನ್ನು ನೋಡಿ ಮೂರು ಸಲ ನೀರು ಬಿಟ್ಟ ಮೇಲೇ ಊಟ. ಒಂದು ತಪ್ಪಿದರೂ ಮೊದಲಿಂದ ಶುರು.

ಮೊನ್ನೆಯದು ಕೊನೆಯದು...

ಮದ್ದೂರಿನಲ್ಲಿ ರೈಲು ನಿಂತಿತು. ಬಿಸಿ ವಡೆ ಬುಟ್ಟಿ ಹೊತ್ತು ಬಂದವನು ನನ್ನ ಮೂಗಿನ ಮುಂದೆಯೇ ನಿಂತ. ಎದುರಿಗೆ ಕೂತ ಹೆಂಗಸು ಕರುಂ ಕುರುಂ ಎಂದು ರಾಮನಗರದ ತನಕ ತಿಂದಳು. ನಾನು ಕಿಟಕಿ ಕಡೆ ತಿರುಗಿ ಗಣಪತಿ ನಾಮ ಹೇಳಿಕೊಂಡೆ.

ಸಂಜೆ ಅಳಿಯಂದಿರು ಕೆಲಸದಿಂದ ಬಂದವರೇ, “ಅತ್ತೆ, ಪ್ಯಾಟೆ ತೋರಿಸ್ತೀನಿ ನಡೀರಿ. ಚಂದ್ರ ಎಲ್ಲಿದ್ರೂ ಚಂದ್ರನೇ ತಾನೆ” ಎಂದರು.

ಸರಿ ಅನ್ನಿಸಿತು. ಚಂದ್ರ ಏನು ಕೊತ್ತತ್ತಿಯವನೇ? ಸಣ್ಣ ಚೊಂಬಿಗೆ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಚೀಲದಲ್ಲಿಟ್ಟುಕೊಂಡು ಹೊರಟೆ.

ಮೆಜೆಸ್ಟಿಕ್ಕಿನಲ್ಲಿ ಸಿನಿಮಾ ಬಿಟ್ಟಿತ್ತು. ನಾಲೆಗೆ ನೀರು ಬಿಟ್ಟ ಹಾಗೆ ಜನ! ರಸ್ತೆ ದಾಟಲು ನಿಂತರೆ ನಿಂತೇ ಇರಬೇಕು. ಎಮ್ಮೆ ಮಂದೆಯಾದರೂ ಒಂದು ಗಳಿಗೆಗೆ ಮುಗಿಯುತ್ತದೆ, ಈ ಆಟೋಗಳು ಮುಗಿಯುವುದೇ ಇಲ್ಲ.

ಆದರೂ ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು. ಗಾಜಿನೊಳಗೆ ನಿಲ್ಲಿಸಿದ ಸೀರೆ ಉಟ್ಟ ಬೊಂಬೆಗೆ ನಾನು ದಾರಿ ಬಿಡಿ ಅಂದುಬಿಟ್ಟೆ. ಸರೋಜ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಒಂದು ಹೋಟೆಲಿನ ಮುಂದೆ ಬಂದಾಗ ಅವಳ ಕಾಲು ನಿಂತೇ ಹೋಯಿತು. ಒಳಗೆ ಮಸಾಲೆ ದೋಸೆ ಹೊಯ್ಯುತ್ತಿದ್ದರು. ಬಸುರಿ ಬಯಕೆ ನಿಮಗೆ ನಾನು ಹೇಳಬೇಕೇ?

“ಓಗಿ ತಿನ್ನವ್ವ, ನಾನು ಇಲ್ಲೇ ಕುಂತಿರ್ತೀನಿ” ಎಂದೆ.

“ನನಗೋಸ್ಕರ ನೀನು ಉಪಾಸ ಇರೋದು, ನಿನ್ ಮುಂದ್ಲೇ ನಾನು ದೋಸೆ ತಿನ್ನದಾ? ನೀನು ಉಣ್ಣೋಗಂಟ ನಾನೂ ಉಣ್ಣಾಕಿಲ್ಲ.”

ಹಠದಲ್ಲಿ ಅವರಪ್ಪನೇ.

ಒಂಬತ್ತು ಹೊಡೆಯಿತು. ಪಂಚಾಂಗದ ಪ್ರಕಾರ ಚಂದ್ರ ಹುಟ್ಟಿಯಾಗಿದೆ. ಆದರೆ ಎಲ್ಲಿ? ಈ ಕಡೆ ನಾಲ್ಕು ಅಂತಸ್ತು, ಆ ಕಡೆ ಐದು ಅಂತಸ್ತು. ಕತ್ತು ನೋವು ಬಂತೇ ಹೊರತು ಚಂದ್ರ ಬರಲಿಲ್ಲ.

“ಅಗೋ ಅತ್ತೆ!” ಎಂದರು ಅಳಿಯಂದಿರು. ಕಣ್ಣು ಮುಚ್ಚಿ ಭಕ್ತಿಯಿಂದ ಕೈ ಮುಗಿದೆ. ಕಣ್ಣು ಬಿಟ್ಟು ನೋಡಿದರೆ ಸೋಪಿನ ಜಾಹೀರಾತಿನ ಗುಂಡು ದೀಪ. ಆರುತ್ತಿದೆ, ಹತ್ತುತ್ತಿದೆ!

ಅಷ್ಟರಲ್ಲಿ ಹೋಟೆಲಿನವರು ಮುಂದಿನ ಕುರ್ಚಿಗಳನ್ನು ಎತ್ತಿಡಲು ಶುರು ಮಾಡಿದರು. ಸರೋಜಳ ಮುಖ ಬಾಡಿತ್ತು. ವ್ರತ ಬಿಡುವ ಹಾಗಿಲ್ಲ, ಬಸುರಿಯನ್ನು ಹಸಿದಿರಿಸುವ ಹಾಗೂ ಇಲ್ಲ.

ನಮ್ಮೂರಿನಲ್ಲಿ ಚಂದ್ರ ಮರೆಯಾದರೆ ಏನು ಮಾಡುತ್ತೇವೆ? ಹುಲ್ಲಿನ ಮೆದೆ ಹತ್ತುತ್ತೇವೆ. ಇಲ್ಲಿ ಮೆದೆ ಎಲ್ಲಿಂದ ತರಲಿ ಅಂದುಕೊಳ್ಳುವಾಗಲೇ ಬಂತು ನೋಡಿ, ಮನೆ ಮೇಲೆ ಮನೆ ಕಟ್ಟಿದ ಹಾಗೆ ಆ ಎರಡು ಅಂತಸ್ತಿನ ಬಸ್ಸು.

“ಹತ್ತಿ!” ಎಂದೆ.

“ಅತ್ತೆ, ಅದು ಎಲ್ಲಿಗೋಯ್ತದೆ ಅಂತ್ಲೇ ನೋಡಿಲ್ವಲ್ಲ!”

“ಚಂದ್ರ ಕಾಣೋಗಂಟ ಓಯ್ತಿದ್ರೆ ಸಾಕು, ನಡೀರಿ.”

ಸರೋಜ ಕೆಳಗಿನ ಅಂತಸ್ತಿನಲ್ಲೇ ಕೂತಳು. ನಾನು ಮಂಡಿ ನೋವು ಮರೆತು, ಅಳಿಯಂದಿರ ಹಿಂದೆ ಆ ಡೊಂಕು ಮೆಟ್ಟಿಲು ಹತ್ತಿ ಮುಂದಿನ ಸೀಟಿನಲ್ಲೇ ಕೂತೆ. ಅಬ್ಬಾ... ತಂಪು ಗಾಳಿ, ಕಾಲ ಕೆಳಗೆ ದೀಪಗಳು, ಮರದ ಕೊಂಬೆ ಕೈಗೇ ಸಿಗುವ ಹಾಗೆ! ಒಂದು ಗಳಿಗೆ ಹಸಿವೂ ಮರೆತೆ, ದೇವರು ಕ್ಷಮಿಸಲಿ, ಚಂದ್ರನನ್ನೂ ಮರೆತೆ.

ಬಸ್ಸು ತಿರುಗಿ ಒಂದು ಸ್ಟಾಪಿನಲ್ಲಿ ನಿಂತಿತು. ಎರಡು ಕಟ್ಟಡದ ನಡುವೆ, ಅಂಚು ಮುರಿದ ರಾಗಿ ರೊಟ್ಟಿಯ ಹಾಗೆ ಕೂತಿದ್ದಾನೆ!

ಚೊಂಬು ಬಿಚ್ಚಿದೆ. ಕಿಟಕಿಯಿಂದ ಕೈ ಚಾಚಿ, ಕಣ್ಣು ಚಂದ್ರನ ಮೇಲಿಟ್ಟು, ಮೊದಲನೇ ಸಲ ನೀರು ಬಿಟ್ಟೆ.

ಕೆಳಗಿಂದ ಕೂಗು ಬಂತು. “ಯಾರ್ಲಾ ಅದು ಮ್ಯಾಗಿಂದ ನೀರುಯ್ದೋನು!”

ಜನರನ್ನು ಹತ್ತಿಸಲು ಇಳಿದು ನಿಂತಿದ್ದ ಕಂಡಕ್ಟರ್. ಟೋಪಿಯಿಂದ ನೀರು ತೊಟ್ಟಿಕ್ಕುತ್ತಿದೆ. ಅಳಿಯಂದಿರು ಸೀಟಿನ ಕೆಳಗೆ ಬಗ್ಗಿದರು.

ನಾನು ತಲೆ ಹೊರಗೆ ಹಾಕಿದೆ. “ತೆಪ್ಪಾಯ್ತು ಕಣಪ್ಪ. ಸಂಕಷ್ಟಿ. ಚಂದ್ರಂಗೆ ಬುಟ್ಟಿದ್ದು.”

“ಚಂದ್ರ ಅಲ್ಲಿವ್ನೆ, ನಾನು ಇಲ್ಲಿವ್ನಿ! ಯಾವೂರವ್ವ ನಿಂದು?”

“ಮಂಡ್ಯ ತಾವ ಕೊತ್ತತ್ತಿ.”

ಅವನು ಟೋಪಿ ತೆಗೆದು ಒದರಿದ. “ಅಂಗನ್ನು. ನಮ್ದು ಮಳವಳ್ಳಿ ಕಣವ್ವ. ನಮ್ಮವ್ವನೂ ಇಂಗೇಯ. ಇನ್ನೂ ಐತಾ ಬುಡೋದು?”

“ಇನ್ನೆರಡು ಸಲ ಐತೆ ಕಣಪ್ಪ.”

“ಬುಟ್ಬುಡು, ನಾನು ಈ ಕಡೀಕ್ ನಿಂತ್ಕತೀನಿ.”

ಹಿಂದಿನ ಸೀಟಿನವರು ಹೊತ್ತಾಯಿತು ಅಂತ ಗೊಣಗಿದರೂ ನಾನು ಎರಡು ಸಲ ನೀರು ಬಿಟ್ಟು ಕೈ ಮುಗಿಯುವ ತನಕ ಅವನು ಸೀಟಿ ಊದಲಿಲ್ಲ. ಅವನ ಹೊಟ್ಟೆ ತಣ್ಣಗಿರಲಿ.

ಇಳಿದು ಆಟೋದಲ್ಲಿ ವಾಪಸು ಓಡಿದೆವು. ಹೋಟೆಲಿನ ಕಾವಲಿ ಇನ್ನೂ ಆರಿರಲಿಲ್ಲ. ಸರೋಜ ಎರಡು ಮಸಾಲೆ ದೋಸೆ ತಿಂದಳು. ನಾನು ಈರುಳ್ಳಿ ಬೇಡ ಅಂತ ಖಾಲಿ ದೋಸೆ ತಿಂದೆ. ಎಷ್ಟು ಅಂತ ಮಾತ್ರ ಕೇಳಬೇಡಿ.

ಆದರೆ ಅವತ್ತಿನಿಂದ ಒಂದೇ ಅನುಮಾನ ಕೊರೆಯುತ್ತಿದೆ. ಮೊದಲನೇ ನೀರು ಚಂದ್ರನಿಗೆ ಸಂದಿತೋ, ಕಂಡಕ್ಟರಿಗೆ ಸಂದಿತೋ? “ಸಂದೈತೆ ಬುಡವ್ವ” ಅನ್ನುತ್ತಾಳೆ ಸರೋಜ. ಹೆತ್ತ ಹೊಟ್ಟೆ ಕೇಳಬೇಕಲ್ಲ.

ನಿಮ್ಮಲ್ಲಿ ಯಾರಾದರೂ ಗುಡಿಗೆ ಹೋಗಿ ಅಯ್ನೋರನ್ನು ಕೇಳಿ. ನನ್ನ ತಮ್ಮ ಭಾನುವಾರ ಊರಿಂದ ಇಲ್ಲಿ ಸರೋಜಳ ಮನೆಗೆ ಬರುತ್ತಾನೆ, ಅವರು ಹೇಳಿದ್ದನ್ನು ಅವನ ಕೈಲಿ ತಪ್ಪದೆ ಕಳಿಸಿ.

ಮತ್ತೆ ಮೊದಲಿಂದ ಮಾಡಬೇಕು ಅಂದರೆ ಮಾಡುತ್ತೇನೆ... ಆ ಬಸ್ಸಿನ ಮೇಲೇ ಕೂತು ಮಾಡಬಹುದೇ ಅಂತಲೂ ಒಂದು ಮಾತು ಕೇಳಿಬಿಡಿ.