ಹೇಮಪ್ಪನ ನಿದ್ದೆ ಕದ್ದವರು

ನಿದ್ದೆಗೆಟ್ಟವನ ತಲೆಯಲ್ಲಿ ಹೊಸದಾಗಿ ಕಲಿತದ್ದು ನಿಲ್ಲುವುದಿಲ್ಲ. ಇದು ನಮಗೆಲ್ಲ ಗೊತ್ತು. ಮಕ್ಕಳ ಪರೀಕ್ಷೆ ಬಂದರೆ ಟಿವಿ ಆರಿಸಿ ಬೇಗ ಮಲಗಿಸುತ್ತೇವೆ. ಕೂಲಿಯವನ ವಿಷಯಕ್ಕೆ ಬಂದರೆ ಮಾತ್ರ ಗೊತ್ತೇ ಇಲ್ಲದವರಂತೆ ನಟಿಸುತ್ತೇವೆ.

ಹೇಮಪ್ಪ ಮುದ್ದೇಬಿಹಾಳದ ಕಡೆಯವನು. ಗೋವಾದ ವೆರ್ಣಾದಲ್ಲಿ ಒಂದು ಔಷಧ ಗೋದಾಮಿನಲ್ಲಿ ಕೈಗಾಡಿ ತಳ್ಳುವ ಕೆಲಸ. ಅವನನ್ನು ಅಲ್ಲಿ ಸೇರಿಸಿದವನು ಅವನ ಊರಿನವನೇ ಆದ, ಕೂಲಿಯಾಳುಗಳ ಮೇಲಿನ ಮುಕಾದಮ ಗಣಪ್ಪ. ಊರಲ್ಲಿ ಕಾಕಾ ಎಂದು ಕರೆದವನಿಗೆ ಗೋವಾಕ್ಕೆ ಬಂದ ಮೇಲೆ ಆಗುವುದಿಲ್ಲ ಎನ್ನಲು ಬಾಯಿ ಬರುತ್ತದೆಯೇ? ಗಣಪ್ಪನಿಗೂ ಅದು ಚೆನ್ನಾಗಿ ಗೊತ್ತು. ಆಳು ಕಡಿಮೆ ಬಿದ್ದರೆ ಅವನು ಮೊದಲು ಕೂಗುವುದು ಹೇಮಪ್ಪನನ್ನೇ.

ಗೋದಾಮಿನ ಓಣಿಗಳೆಲ್ಲ ಹೇಮಪ್ಪನ ಕಾಲಿಗೆ ಬಾಯಿಪಾಠವಾಗಿದ್ದವು. ಅವನನ್ನು ಪರ್ಮನೆಂಟ್ ಮಾಡುವ ಮಾತೂ ನಡೆದಿತ್ತು. 2011ರ ಮಳೆಗಾಲದಲ್ಲಿ ಕಪಾಟುಗಳನ್ನೆಲ್ಲ ಅದಲುಬದಲು ಮಾಡಿದರು. ಸಿರಪ್ಪಿನ ಬಾಟಲಿಗಳಿದ್ದ ಓಣಿ ಈಗ ಫೋರ್ಕ್‌ಲಿಫ್ಟಿನ ದಾರಿಯಾಯಿತು. ದಿನವಿಡೀ ಹೊಸ ಓಣಿಗಳನ್ನು ತುಳಿದು ಮನೆಗೆ ಹೊರಟ ಹೇಮಪ್ಪನಿಗೆ ಗಣಪ್ಪ ಅಡ್ಡ ಬಂದ.

"ತಮ್ಮಾ, ಡಬಲ್ ಡ್ಯೂಟಿ ಹೊಡಿ. ರಾತ್ರಿ ಪಾಳಿ ದೇವಲಪ್ಪ ಕೈ ಕೊಟ್ಟಾನ."

"ನಿನ್ನಿನೂ ಡಬಲ್ ಆಗೇತಿ ಕಾಕಾ. ಕಣ್ಣ ಉರಿಯಾಕತ್ತಾವು."

"ಪರ್ಮನೆಂಟೂ ಆಗ್ಬೇಕು, ನಿದ್ದಿನೂ ಬೇಕು! ಬೀಗರ ಮನಿಗಿ ಬಂದೀಯೇನು?"

"ಹೂಂ ಕಾಕಾ," ಎಂದ ಹೇಮಪ್ಪ. ಮತ್ತೆ ಗಾಡಿ ಹಿಡಿದ.

ಆ ತಲೆಯೊಳಗೆ ಏನು ಕೆಟ್ಟಿತು ಕೇಳಿ. ಮೆದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗವಿದೆ. ಹೊಸ ದಾರಿಯ ನೆನಪು ಮೊದಲು ಕೂಡುವುದು ಅಲ್ಲಿ. ನಡೆಯುತ್ತಾ ಹೋದಂತೆ ಅಲ್ಲಿನ ನರಕೋಶಗಳು ಒಂದರ ಹಿಂದೊಂದು ಮಿಡಿಯುತ್ತವೆ. ಜೊತೆಯಾಗಿ ಮಿಡಿದವುಗಳ ನಡುವಿನ ಬೆಸುಗೆ ಬಲಿಯುತ್ತದೆ. ಗಾಢ ನಿದ್ದೆಯಲ್ಲಿ ಅದೇ ಸಾಲು ಚುರುಕಾದ ಪುಟ್ಟ ಅಲೆಗಳಲ್ಲಿ ಮತ್ತೆ ಮತ್ತೆ ಮಿಡಿಯುತ್ತದೆ. ಬೆಸುಗೆ ಬಲಿತಂತೆ ಅಲೆಗೆ ತಾಳ ಕೂಡುತ್ತದೆ. ತಾಳ ಮರುಕಳಿಸಿದಂತೆ ನೆನಪು ಗಟ್ಟಿ. ಮಲಗಲೇ ಬಿಡದಿದ್ದರೆ ಹೊಸ ದಾರಿ ಹಸಿಯಾಗಿಯೇ ಉಳಿದು, ಕಾಲು ಹಳೆಯ ದಾರಿ ಹಿಡಿಯುತ್ತದೆ. ವಿಜ್ಞಾನಿಗಳು ಇಲಿಗಳಲ್ಲಿ ಆ ಅಲೆಗಳನ್ನು ತಡೆದು ನೋಡಿದರು. ಇಲಿಗಳು ದಾರಿ ಕಲಿಯಲು ತಡವರಿಸಿದವು. ಯಾರೂ ಇಲಿಯನ್ನು ಕುಡುಕ ಎನ್ನಲಿಲ್ಲ.

ಬೆಳಿಗ್ಗೆ ಹೇಮಪ್ಪ ಸಿರಪ್ಪಿನ ಗಾಡಿ ತಳ್ಳಿಕೊಂಡು ನೇರ ಹಳೆಯ ಓಣಿಗೆ ನುಗ್ಗಿದ. ಫೋರ್ಕ್‌ಲಿಫ್ಟ್ ಬಂದು ಗಾಡಿಗೆ ಬಡಿಯಿತು. ಅವನು ಉಳಿದ, ಬಾಟಲಿಗಳು ಉಳಿಯಲಿಲ್ಲ. ಕುಡಿದು ಬಂದಿದ್ದಾನೆ ಎಂದು ಮ್ಯಾನೇಜರ್ ಗೇಟ್ ಪಾಸ್ ಕಸಿದುಕೊಂಡ.

ಸುದ್ದಿ ಕೇಳಿ ಹೆಂಡತಿ ಸುಮಲತಾ ಗೇಟಿಗೆ ಓಡಿ ಬಂದಳು.

"ಬಾಯಿ ಮೂಸಿ ನೋಡ್ರಿ ಸಾಹೇಬ್ರ! ನಿಮ್ಮ ಔಷಧದ ವಾಸನಿ ಬಿಟ್ರ ಮತ್ತೇನರ ಬರತೈತೇನ್ರಿ?" ಮ್ಯಾನೇಜರ್ ಒಳಗೆ ಹೋಗಿಬಿಟ್ಟ. ಅವಳು ಗಣಪ್ಪನ ಕಡೆ ತಿರುಗಿದಳು. "ಮಾವಾರ, ನೀವರ ಖರೇ ಹೇಳ್ರಿ. ಇವ್ರು ಮಲಗಿದ್ದು ಯಾವಾಗ?"

ಗಣಪ್ಪ ತನ್ನ ಚಪ್ಪಲಿ ನೋಡಿದ. "ಹೊಸಾ ಓಣಿ ಎಲ್ಲಾರ್ಗೂ ತೋರಿಸೀನವ್ವಾ. ಇವನ ತಲ್ಯಾಗ ನಿಲ್ಲಲಿಲ್ಲಂದ್ರ ನಾ ಏನ್ ಮಾಡ್ಲಿ?"

"ನಿಲ್ಲಾಕ ನೀವು ಬಿಟ್ರ ಹೌದಲ್ರಿ!"

ಆಗಲೂ ಹೇಮಪ್ಪ ಹೆಂಡತಿಯ ರಟ್ಟೆ ಹಿಡಿದ. "ಕಾಕಾನ ಮ್ಯಾಲ ಹಾಕಬ್ಯಾಡ. ನಡಿ."

ಆ ಮರ್ಯಾದೆಯನ್ನೂ ಗಣಪ್ಪ ಬಿಟ್ಟಿಯಾಗಿ ತೆಗೆದುಕೊಂಡ. ಹೇಮಪ್ಪ ಈಗ ಪಕ್ಕದ ಸಾಂಕೋಲೆ ಊರಿನಲ್ಲಿ ದಿನಗೂಲಿಗೆ ನಿಲ್ಲುತ್ತಾನೆ. "ವೆರ್ಣಾದ ಕುಡುಕ" ಎಂಬ ಹೆಸರು ಅವನಿಗಿಂತ ಮೊದಲೇ ಅಲ್ಲಿಗೆ ಬಂದಿದೆ.

ನಿಮ್ಮ ಕೈಕೆಳಗೂ ಒಬ್ಬ ದುಡಿಯುತ್ತಾನೆ. ಅವನು ತಪ್ಪಿದ ದಿನ ದಡ್ಡ ಎನ್ನುವ ಮೊದಲು, ಕುಡುಕ ಎನ್ನುವ ಮೊದಲು, ಅವನು ಮಲಗಿದ್ದು ಯಾವಾಗ ಎಂದು ಕೇಳಿ. ಅವನ ನಿದ್ದೆ ಕದ್ದವರು ನೀವೇ ಆಗಿದ್ದರೆ, ಎಲ್ಲರ ಮುಂದೆ ಒಪ್ಪಿಕೊಳ್ಳಿ.