ಅಂಗಳಕ್ಕೇ ಬಂದ ಸೀತನಿ

ಬೆಳಗಿನ ವಾಕಿಂಗ್ ಮುಗಿಸಿ ಬಂದರೆ, ದಿನವೂ ನಾನೇ ಗುಡಿಸಿ ಒಪ್ಪವಾಗಿಡುವ ಅಂಗಳದಲ್ಲಿ ಅಪರಿಚಿತ ಹೆಣ್ಣುಮಗಳೊಬ್ಬಳು ಕುಣಿ ತೋಡುತ್ತಿದ್ದಳು! ಪಕ್ಕದಲ್ಲಿ ಒಂದು ಹೊರೆ ಹಸಿ ಜೋಳದ ತೆನೆ, ಚೀಲದ ತುಂಬ ಸಗಣಿಯ ಕುಳ್ಳು.

“ಏನವ್ವಾ ಇದು?” ಎಂದು ಗದರಿದೆ.

“ಬಸುರಿ ಮಗಳಿಗಿ ಸೀತನಿ ಬೇಕಂತ ಗ್ರೂಪಿನ್ಯಾಗ ಬರ್ದಿದ್ರಲ್ರಿ ಕಾಕಾ? ಕುಣ್ಯಾಗ ಸುಟ್ಟು ಅಲ್ಲೇ ತಿಂದ್ರ ರುಚಿ. ಆರಿದ ಮ್ಯಾಲ ಏನದ? ಒಂದೀಟು ಸರೀರಿ!”

ಬರೆದದ್ದು ನಿಜ. ಮೊದಲು ಫೇಸ್‌ಬುಕ್ಕಿನಲ್ಲಿ ಕೇಳಿದ್ದೆ. ನೂರಾರು ಲೈಕು, ‘ಸೂಪರ್ ಸರ್’ಗಳು ಬಂದವು, ತೆನೆ ಬರಲಿಲ್ಲ. ನಮ್ಮ ಹೊಲದಲ್ಲಿ ಈಗ ಬರೀ ತೊಗರಿ. ಆದರೂ ಹಳೆಯ ಮೋಹಕ್ಕೆ, ಸುತ್ತಲಿನ ಬಿಳಿಜೋಳ ಬೆಳೆಗಾರರ ಸಣ್ಣ ವಾಟ್ಸ್‌ಆ್ಯಪ್ ಗುಂಪು ಸೇರಿದ್ದೆ. ಅಲ್ಲಿ ವಿಳಾಸದ ಜೊತೆ ಹಾಕಿದ ಒಂದು ಸಾಲು ಓದಿ ಈಕೆ ಮಟಕಿ ಹಳ್ಳಿಯಿಂದ ಆಳಂದಕ್ಕೆ ಬಂದಿದ್ದಳು.

ಮಗಳು ಕುಣಿಯ ಪಕ್ಕದಲ್ಲೇ ಕುಳಿತು, ಬಿಸಿ ಕಾಳಿನ ಬೂದಿ ಊದುತ್ತ ಬೊಗಸೆಗಟ್ಟಲೆ ತಿಂದಳು. “ಅಪ್ಪಾ, ಒಳಗ ಒದಿಯಾಕತ್ತದ. ಅದಕ್ಕೂ ಬೇಕಂತ!”

ಸುಗ್ಗಿಗೆ ಅದೇ ಗುಂಪಿನಲ್ಲಿ ಜೇವರ್ಗಿಯ ರೈತರೊಬ್ಬರು, ರಾಶಿಯ ಕಣದಲ್ಲಿ ಹಾಡಲು ಹಂತಿಪದ ಬಲ್ಲವರು ಯಾರಾದರೂ ಇದ್ದೀರಾ ಎಂದು ಕೇಳಿದರು. ಚಿಕ್ಕಂದಿನಲ್ಲಿ ಕಲಿತ ಪದಗಳು ನೆನಪಿದ್ದವು. ಹೋಗಿ, ಗಂಟಲು ಕಟ್ಟುವವರೆಗೂ ಹಾಡಿ ಬಂದೆ.